ಹತ್ತು ಲಕ್ಷ ಬಾತು, ಒಂದು ಹಿಡಿ ಜಾಗ

2009ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಕೆರೆ, ಜಲಾಶಯ, ಅಳಿವೆಗಳಲ್ಲಿ ಚಳಿಗಾಲದ ಹಕ್ಕಿಗಳನ್ನು ಎಣಿಸಿದವರ ಪಟ್ಟಿಯಲ್ಲಿ ಒಂದೇ ಒಂದು ಜಾತಿಯ ಕಾಡುಬಾತಿನ ಮುಂದೆ ಬಿದ್ದ ಮೊತ್ತ 10 ಲಕ್ಷ 60 ಸಾವಿರ. 2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 9 ಲಕ್ಷ 43 ಸಾವಿರ ಇತ್ತು. ಅಂದರೆ ನಮ್ಮ ಅವಳಿನಗರದ ಮಂದಿಗಿಂತ ಲಕ್ಷದಷ್ಟು ಹೆಚ್ಚು ಬಾತುಗಳು. ಅವು ಸೇರಿದ್ದು ಕರ್ನಾಟಕದ ಅರ್ಧದಷ್ಟಿರುವ ಒಂದು ದೇಶದಲ್ಲಿ, ಆ ದೇಶದಲ್ಲೂ ಬೆರಳಲ್ಲಿ ಎಣಿಸಬಹುದಾದ ಕೆಲವೇ ನೀರುಗಳ ಮೇಲೆ.

ಹಕ್ಕಿಯ ಹೆಸರು ಬೈಕಲ್ ಟೀಲ್. ಕೊರಿಯನ್ನರು ಗಾಚಾಂಗ್ ಓರಿ ಎನ್ನುತ್ತಾರೆ. ತೂಕ ಅರ್ಧ ಕಿಲೋ ಮುಟ್ಟಿದರೆ ಹೆಚ್ಚು; ಕೊಕ್ಕಿನ ತುದಿಯಿಂದ ಬಾಲದ ತುದಿಗೆ ನಲವತ್ತು ಸೆಂಟಿಮೀಟರ್ ಆಸುಪಾಸು. ನಮ್ಮ ಕೆರೆಗಳಲ್ಲಿ ವರ್ಷವಿಡೀ ಕಾಣುವ ವರಟೆ ಬಾತು ಇದರ ಎರಡರಷ್ಟು ತೂಗುತ್ತದೆ. ಇಷ್ಟು ಚಿಕ್ಕ ಹಕ್ಕಿಯ ತೂಕವನ್ನು ಅರ್ಧ ಕಿಲೋಗೂ ತುಸು ಕಡಿಮೆಯೆಂದೇ ಹಿಡಿದು ಹತ್ತು ಲಕ್ಷ ಅರವತ್ತು ಸಾವಿರದಿಂದ ಗುಣಿಸಿದರೆ ಸುಮಾರು 475 ಟನ್ ಜೀವಂತ ಮಾಂಸ, ಗರಿ, ಎಲುಬು. ಹತ್ತು ಟನ್ನಿನ ಲಾರಿಗೆ ಹೇರಿದರೆ ನಲವತ್ತೇಳು ಲಾರಿ ತುಂಬಿ ಇನ್ನೂ ಉಳಿಯುತ್ತದೆ. ಅಷ್ಟೂ ಹಕ್ಕಿಗಳು ವರ್ಷಕ್ಕೆ ಎರಡು ಬಾರಿ, ಹೋಗುತ್ತಾ ಮೂರು ಸಾವಿರ, ಬರುತ್ತಾ ಮೂರು ಸಾವಿರ ಕಿಲೋಮೀಟರ್ ರೆಕ್ಕೆಬಲದಲ್ಲೇ ಸಾಗುತ್ತವೆ.

ದೊಡ್ಡ ಸಂಖ್ಯೆ ಕೇಳಿ ಬಾಯಿ ಬಿಡುವುದು ಸುಲಭ. ಶಾಲೆಯಲ್ಲಿ ಭಿನ್ನರಾಶಿ ಕಲಿಯುವಾಗ ಅಂಶ, ಛೇದ ಅಂತ ಎರಡನ್ನು ಹೇಳಿಕೊಟ್ಟಿದ್ದರಲ್ಲ. ಈ ಬಾತಿನ ಕತೆಯಲ್ಲಿ ನನಗೆ ತಲೆ ತಿರುಗುವುದು ಮೇಲಿನ ಅಂಶ ನೋಡಿ ಅಲ್ಲ, ಕೆಳಗಿನ ಛೇದ ನೋಡಿ. ಹತ್ತು ಲಕ್ಷವನ್ನು ಎಷ್ಟು ಜಾಗದಿಂದ ಭಾಗಿಸಬೇಕು ಎಂಬುದೇ ಇಲ್ಲಿನ ನಿಜವಾದ ಬೆರಗು.

ಬೇಸಿಗೆಯಿಂದ ಶುರು ಮಾಡೋಣ. ಈ ಬಾತಿನ ತವರು ಪೂರ್ವ ಸೈಬೀರಿಯಾ: ಪಶ್ಚಿಮದಲ್ಲಿ ಯೆನಿಸೇ ನದಿಯ ಕೊಳ್ಳದಿಂದ ಹಿಡಿದು ಲೇನಾ, ಯಾನಾ, ಇಂಡಿಗಿರ್ಕಾ, ಕೊಲಿಮಾ ನದಿಗಳನ್ನು ದಾಟಿ ಪೂರ್ವದ ಕಮ್ಚಾಟ್ಕಾದ ತನಕ. ಹೆಸರಲ್ಲಿ ಬೈಕಲ್ ಇದ್ದರೂ ಬೈಕಲ್ ಸರೋವರ ಅದಕ್ಕೆ ಹೆಚ್ಚಾಗಿ ದಾರಿಯ ಮೇಲಿನ ತಂಗುದಾಣ. ಸೈಬೀರಿಯಾ ಸುತ್ತಿದ ಜರ್ಮನ್ ವಿಜ್ಞಾನಿ ಜೋಹಾನ್ ಗಾಟ್ಲೀಬ್ ಜಾರ್ಜಿ 1775ರಲ್ಲಿ ಅದನ್ನು ಮೊದಲು ವಿವರಿಸಿ ವೈಜ್ಞಾನಿಕ ಹೆಸರು ಕೊಟ್ಟ. ತವರಿನ ನಡುವೆ ಇರುವುದು ರಷ್ಯಾದ ಯಾಕುತಿಯಾ ಪ್ರಾಂತ. ಅದೊಂದೇ 30 ಲಕ್ಷ 80 ಸಾವಿರ ಚದರ ಕಿಲೋಮೀಟರ್, ನಮ್ಮ ಇಡೀ ಭಾರತಕ್ಕಿಂತ ತುಸುವೇ ಕಡಿಮೆ. ಅಲ್ಲಿರುವ ಜನ ಹತ್ತು ಲಕ್ಷದಷ್ಟು. ಬಾತಿನ ತಲೆಗಳೂ ಜನರ ತಲೆಗಳೂ ಹೆಚ್ಚುಕಮ್ಮಿ ಸರಿಸಮ ಎನ್ನುವುದು ಕಾಕತಾಳೀಯ, ಆದರೆ ಹೇಳದೆ ಇರಲಾಗಲಿಲ್ಲ.

ಲೆಕ್ಕದ ಅನುಕೂಲಕ್ಕೆ ಎಲ್ಲ ಬಾತುಗಳನ್ನೂ ಯಾಕುತಿಯಾದ ಮೇಲೆ ಸಮನಾಗಿ ಹರಡಿದರೆ ಒಂದೊಂದಕ್ಕೂ ಸುಮಾರು ಮೂರು ಚದರ ಕಿಲೋಮೀಟರ್ ಸಿಗುತ್ತದೆ. ಅದೇ ಪ್ರಮಾಣದಲ್ಲಿ ಬೆಂಗಳೂರು ಮಹಾನಗರದ 741 ಚದರ ಕಿಲೋಮೀಟರಿಗೆ ಬರುವುದು ಬರೀ ಇನ್ನೂರೈವತ್ತು ಬಾತು. ಹಾಗಾಗಿಯೇ ಸೈಬೀರಿಯಾದಲ್ಲಿ ಇದರ ಗೂಡು ಹುಡುಕಿ ಹೊರಟವರು ಹೈರಾಣಾಗುತ್ತಾರೆ. ಮೇ ತಿಂಗಳಲ್ಲಿ ಹಿಮ ಕರಗುತ್ತಿದ್ದಂತೆ ಬಂದಿಳಿಯುವ ಜೋಡಿಗಳು ಲಾರ್ಚ್ ಮರಗಳ ಕಾಡಂಚಿನ, ಕುರುಚಲು ವಿಲ್ಲೋ ಪೊದೆಗಳ ನಡುವಿನ ಸಣ್ಣಸಣ್ಣ ಹೊಂಡಗಳ ಪಕ್ಕ ಚದುರಿ ಹೋಗುತ್ತವೆ. ಹೆಣ್ಣು ನೆಲದ ಮೇಲಿನ ಒಂದು ತಗ್ಗಿಗೆ ಒಣಹುಲ್ಲು, ತನ್ನದೇ ಎದೆಯ ತುಪ್ಪಳ ಹಾಸಿ ಆರರಿಂದ ಒಂಬತ್ತು ಮೊಟ್ಟೆ ಇಡುತ್ತದೆ, ಒಬ್ಬಳೇ ಕೂತು ಮೂರೂವರೆ ವಾರ ಕಾವು ಕೊಡುತ್ತದೆ. ಗಂಡು ಆ ಹೊತ್ತಿಗೆ ಜಾಗ ಖಾಲಿ ಮಾಡಿರುತ್ತಾನೆ. ಬಾತುಗಳ ಲೋಕದಲ್ಲಿ ಇದು ಹೊಸತೇನಲ್ಲ.

ಗಂಡಿನ ಬಗ್ಗೆ ಹೇಳಲೇಬೇಕಾದದ್ದು ಅವನ ಮುಖ. ಕೆನ್ನೆ ಕೆನೆಬಣ್ಣದ ಹಳದಿ. ಕಣ್ಣಿನಿಂದ ನೇರ ಗಂಟಲಿಗೆ ಇಳಿಯುವ ಕಪ್ಪು ಗೆರೆ ಆ ಹಳದಿಯನ್ನು ಎರಡು ಭಾಗ ಮಾಡುತ್ತದೆ. ಕಣ್ಣಿನ ಹಿಂದಿನಿಂದ ಕುತ್ತಿಗೆಯ ಕಡೆಗೆ ಹೊಳೆಯುವ ಹಸಿರಿನ ಒಂದು ಅರ್ಧಚಂದ್ರ ಬಾಗಿ ಇಳಿದಿರುತ್ತದೆ. ನೆತ್ತಿ ಕಪ್ಪು. ಒಂದು ಬಣ್ಣ ಮುಗಿದು ಇನ್ನೊಂದು ಶುರುವಾಗುವಲ್ಲಿ ಎಳೆದು ಬಿಟ್ಟ ಸಣ್ಣ ಬಿಳಿ ಅಂಚು. ಹೆಗಲಿನಿಂದ ಜೋತುಬಿದ್ದ ಉದ್ದ ಗರಿಗಳಲ್ಲಿ ಕಪ್ಪು, ಕಂದು, ಬಿಳಿ ಪಟ್ಟೆ. ಹೆಣ್ಣಿಗೆ ಇದೊಂದೂ ಇಲ್ಲ. ಮೈಯೆಲ್ಲ ಕಂದು, ಕೊಕ್ಕಿನ ಬುಡದಲ್ಲಿ ಒಂದೇ ಒಂದು ಬಿಳಿ ಬೊಟ್ಟು. ಆ ಬೊಟ್ಟೇ ಅವಳ ಗುರುತು. ಉಳಿದಂತೆ ಅವಳನ್ನು ಬೇರೆ ಸಣ್ಣ ಬಾತುಗಳ ಹೆಣ್ಣಿನಿಂದ ಬೇರೆ ಮಾಡಿ ಹೇಳುವುದು ಪಳಗಿದ ಕಣ್ಣಿಗೂ ಕಷ್ಟ. ಹತ್ತಿರದಿಂದ ಇಷ್ಟು ಕುಸುರಿ ಇರುವ ಹಕ್ಕಿಯನ್ನು ಜಗತ್ತು ನೋಡುವುದು ಮಾತ್ರ ಆಕಾಶದಲ್ಲಿ ಕಪ್ಪು ಚುಕ್ಕಿಗಳ ರಾಶಿಯಾಗಿ.

ಸೆಪ್ಟೆಂಬರಿನಲ್ಲಿ ಸೈಬೀರಿಯಾದ ನೀರು ಹೆಪ್ಪುಗಟ್ಟಲು ಶುರುವಾದರೆ ಅಲ್ಲಿ ಹೊಟ್ಟೆಪಾಡು ಮುಗಿಯಿತು. ಯಾಕುತ್ಸ್ಕ್ ನಗರದ ಜನವರಿಯ ಸರಾಸರಿ ತಾಪಮಾನ ಸೊನ್ನೆಗಿಂತ ಸುಮಾರು 38 ಡಿಗ್ರಿ ಕೆಳಗೆ. ಎಲ್ಲ ಬಾತುಗಳೂ ದಕ್ಷಿಣಕ್ಕೆ ಹೊರಡುತ್ತವೆ. ಒಂದಷ್ಟು ಚೀನಾಕ್ಕೆ, ಕೆಲವು ಜಪಾನಿಗೆ, ಎಲ್ಲೋ ಒಂದೆರಡು ದಾರಿ ತಪ್ಪಿ ಉತ್ತರ ಭಾರತಕ್ಕೂ ಬಂದದ್ದುಂಟು. ಆದರೆ ಬಹುಪಾಲು ಹೋಗಿ ಇಳಿಯುವುದು ದಕ್ಷಿಣ ಕೊರಿಯಾದ ಪಶ್ಚಿಮ ಕರಾವಳಿಯ ಸಿಹಿನೀರಿನ ಜಲಾಶಯಗಳಿಗೆ: ಸೊಸಾನಿನ ಚೊನ್ಸು ಕೊಲ್ಲಿ, ಗುಮ್ ನದಿಯ ಅಳಿವೆ, ಗೋಚಾಂಗಿನ ತೊಂಗ್ನಿಮ್ ಜಲಾಶಯ, ತೀರಾ ದಕ್ಷಿಣದ ಹೇನಾಮ್.

ಹಗಲಿಡೀ ಅವು ನೀರಿನ ನಟ್ಟನಡುವೆ ಒತ್ತೊತ್ತಾಗಿ ತೇಲುತ್ತಾ ನಿದ್ದೆ ಮಾಡುತ್ತವೆ. ದಡದಿಂದ ನೋಡಿದರೆ ದೂರದಲ್ಲೊಂದು ಕಪ್ಪು ದ್ವೀಪ. ಮೂರು ಲಕ್ಷ ಬಾತುಗಳು ಒಂದು ಚದರ ಕಿಲೋಮೀಟರಿನಲ್ಲಿ ಕೂತರೆ ಒಂದೊಂದರ ಪಾಲಿಗೆ ಬರುವುದು ಮೂರು ಚದರ ಮೀಟರ್ ಚಿಲ್ಲರೆ. ಬೇಸಿಗೆಯಲ್ಲಿ ಮೂರು ಚದರ ಕಿಲೋಮೀಟರ್ ಇತ್ತಲ್ಲವೇ? ಮೂರು ಚದರ ಕಿಲೋಮೀಟರ್ ಎಂದರೆ ಮೂವತ್ತು ಲಕ್ಷ ಚದರ ಮೀಟರ್. ಅಂದರೆ ಆರು ತಿಂಗಳಲ್ಲಿ ಈ ಹಕ್ಕಿಯ ಪಾಲಿನ ಜಾಗ ಸುಮಾರು ಒಂಬತ್ತು ಲಕ್ಷ ಪಟ್ಟು ಕುಗ್ಗಿತು. ನಿಜಕ್ಕೂ ಅವು ಕೂರುವುದು ಇದಕ್ಕಿಂತ ಇಕ್ಕಟ್ಟಾಗಿ. ಹಿಂಡಿನ ನಡುಭಾಗದಲ್ಲಿ ರೆಕ್ಕೆಗೆ ರೆಕ್ಕೆ ತಾಗುತ್ತಿರುತ್ತದೆ.

ಸೂರ್ಯ ಮುಳುಗಿದ ಮೇಲೆ, ಬೆಳಕು ಇನ್ನೂ ಪೂರ್ತಿ ಹೋಗುವ ಮುಂಚೆ, ಆ ದ್ವೀಪದ ಒಂದು ಅಂಚು ಏಳುತ್ತದೆ. ಹಿಂದೆಯೇ ಪಕ್ಕದ್ದು, ಅದರ ಪಕ್ಕದ್ದು. ಒಂದೆರಡು ನಿಮಿಷದಲ್ಲಿ ನೀರು ಬರಿದು, ಆಕಾಶ ಭರ್ತಿ. ಹಿಂಡು ನೇರ ಹೊರಟು ಹೋಗುವುದಿಲ್ಲ. ಕಣದಲ್ಲಿ ಗಾಳಿಗೆ ತೂರಿದ ಭತ್ತದ ಹೊಟ್ಟು ಗಾಳಿ ಮಗ್ಗುಲು ಬದಲಿಸಿದಾಗ ಹೇಗೆ ಒಟ್ಟಿಗೆ ವಾಲುತ್ತದೋ ಹಾಗೆ ಅಷ್ಟೂ ಹಕ್ಕಿ ಒಮ್ಮೆಗೇ ವಾಲುತ್ತದೆ. ಅಲ್ಲೊಂದು ಕಡೆ ದಟ್ಟವಾಗುತ್ತದೆ, ಇಲ್ಲೊಂದು ಕಡೆ ತೆಳುವಾಗುತ್ತದೆ, ಮತ್ತೆ ಹರಿದು ಎರಡಾಗಿ ಕೂಡಿಕೊಳ್ಳುತ್ತದೆ. ತಲೆಯ ಮೇಲೆ ಹಾದುಹೋಗುವಾಗ ಕೇಳುವುದು ಕೂಗಲ್ಲ, ರೆಕ್ಕೆಗಳ ಮೊರೆತ. ಅರ್ಧ ಗಂಟೆಯೊಳಗೆ ಎಲ್ಲ ಮುಗಿದು, ಹಿಂಡು ತುಂಡಾಗಿ ಕತ್ತಲಲ್ಲಿ ಗದ್ದೆಗಳ ಕಡೆ ಮರೆಯಾಗುತ್ತದೆ. ಬೆಳಗಿನ ಜಾವ ಮತ್ತೆ ಅದೇ ನೀರಿಗೆ.

ಇಷ್ಟು ಹಕ್ಕಿ ಒಟ್ಟಿಗೆ ಏಳುವುದರಿಂದ ಗಿಡುಗಕ್ಕೂ ಕಡಲ ಹದ್ದಿಗೂ ಒಂದನ್ನು ಆರಿಸಿ ಹಿಡಿಯುವುದು ಕಷ್ಟ ಎಂಬುದು ಒಂದು ವಿವರಣೆ. ಲಕ್ಷದಲ್ಲಿ ಒಂದಾಗಿದ್ದಾಗ ಸಾಯುವ ಸರದಿ ತನ್ನದಾಗುವ ಸಾಧ್ಯತೆ ಲಕ್ಷಕ್ಕೆ ಒಂದು. ಸರಳ ಗಣಿತ, ಬಾತಿಗೂ ಅರ್ಥವಾದೀತು.

ಇದನ್ನು ಎಣಿಸುವುದು ಹೇಗೆ ಎಂದು ಓದುಗರು ಕೇಳುತ್ತಿರಬಹುದು. ದೊಡ್ಡ ಉಪಾಯವೇನಿಲ್ಲ. ಮೊದಲು ಹತ್ತನ್ನು ಒಂದೊಂದಾಗಿ ಎಣಿಸುತ್ತಾರೆ. ಅಂಥ ಹತ್ತು ಸೇರಿ ನೂರಾದಾಗ ದುರ್ಬೀನಿನ ಕಣ್ಣಿನಲ್ಲಿ ಅದು ಎಷ್ಟು ಜಾಗ ಹಿಡಿಯಿತು ಎಂದು ನೋಡಿಕೊಳ್ಳುತ್ತಾರೆ. ಆ ತುಂಡನ್ನು ಹಿಂಡಿನುದ್ದಕ್ಕೂ ಮತ್ತೆ ಮತ್ತೆ ಇಟ್ಟು ಅಳೆಯುತ್ತಾ ಹೋಗುವುದು. ನೀರ ಮೇಲೆ ಕೂತ ಹಿಂಡು ಕಣ್ಣಿಗೆ ಮೋಸ ಮಾಡುತ್ತದೆ, ಮುಂದಿನ ಸಾಲು ಹಿಂದಿನದನ್ನು ಮರೆಮಾಡಿರುತ್ತದೆ. ಹಾಗಾಗಿ ಹಾರುವಾಗ ಫೋಟೊ ತೆಗೆದು, ಫೋಟೊದ ಮೇಲೆ ಚೌಕ ಎಳೆದು, ಚೌಕದೊಳಗಿನ ಚುಕ್ಕಿ ಎಣಿಸುತ್ತಾರೆ. ಕೊರಿಯಾದಲ್ಲಿ 1999ರಿಂದ ಪ್ರತಿ ಚಳಿಗಾಲ ದೇಶದುದ್ದಕ್ಕೂ ಒಂದೇ ಸಮಯಕ್ಕೆ ಈ ಎಣಿಕೆ ನಡೆಯುತ್ತದೆ, ಹೆಚ್ಚಿನ ವರ್ಷ ಪಟ್ಟಿಯ ಮೊದಲ ಸಾಲು ಗಾಚಾಂಗ್ ಓರಿಯದೇ. ಮೂರು ಲಕ್ಷದ ಒಂದು ಹಿಂಡಿನ ಮೇಲೆ ಎಣಿಸುವವನ ಕಣ್ಣಳತೆ ನೂರಕ್ಕೆ ಹತ್ತು ತಪ್ಪಿದರೆ ಹೆಚ್ಚುಕಡಿಮೆ ಆಗುವುದು ಮೂವತ್ತು ಸಾವಿರ ಬಾತು. ಅದೇ ಪೂರ್ವ ಏಷ್ಯಾದಲ್ಲಿ ಬೇಯರ್ಸ್ ಪೋಚಾರ್ಡ್ ಎಂಬ ಇನ್ನೊಂದು ಬಾತಿದೆ. ಇಡೀ ಲೋಕದಲ್ಲಿ ಉಳಿದಿರುವ ಅದರ ಒಟ್ಟು ಸಂಖ್ಯೆ ಈ ಕಣ್ತಪ್ಪಿನ ಹತ್ತನೇ ಒಂದು ಪಾಲೂ ಆಗದು.

ಹೀಗಿರುವ ಬೈಕಲ್ ಟೀಲ್ ಕೂಡ ಒಂದು ಕಾಲಕ್ಕೆ ಅಳಿವಿನ ಭೀತಿಯ ಪಟ್ಟಿಯಲ್ಲಿತ್ತು ಎಂದರೆ ನಂಬಲು ಕಷ್ಟ.

ಇಪ್ಪತ್ತನೇ ಶತಮಾನದ ಮೊದಲ ಅರ್ಧದಲ್ಲಿ ಇದು ಪೂರ್ವ ಏಷ್ಯಾದ ಅತ್ಯಂತ ಸಾಮಾನ್ಯ ಬಾತುಗಳಲ್ಲೊಂದು. 1947ರಲ್ಲಿ ನೈರುತ್ಯ ಜಪಾನಿನಲ್ಲಿ ಮೂರೇ ಮೂರು ಮಂದಿ ಬೇಟೆಗಾರರು ಬಲೆ ಹಾಕಿ ಇಪ್ಪತ್ತು ದಿನದಲ್ಲಿ 50 ಸಾವಿರ ಬಾತು ಹಿಡಿದ ದಾಖಲೆ ಇದೆ. ಅದರಲ್ಲಿ ಒಂದೇ ದಿನ ಸಿಕ್ಕಿದ್ದು 10 ಸಾವಿರ. ಯುದ್ಧ ಸೋತು ಹಸಿದ ದೇಶ, ಅವರನ್ನು ದೂರುವುದು ಸರಿಯಲ್ಲ. ಆದರೆ ಅದೇ ಜಪಾನಿನ ಕಾಗಾ ಊರಿನ ಕಟಾನೋ ಕಾಮೊಇಕೆ ಎಂಬ ಪುಟ್ಟ ಜೌಗಿನಲ್ಲಿ ಹದಿನೇಳನೇ ಶತಮಾನದಿಂದ ಬಂದ ಇನ್ನೊಂದು ಪದ್ಧತಿ ಇದೆ: ಮುಸ್ಸಂಜೆ ದಿಣ್ಣೆ ದಾಟಿ ಹಾರುವ ಬಾತಿನತ್ತ ಒಬ್ಬ ಮನುಷ್ಯ ಕವೆಗೋಲಿನ ಬಲೆಯನ್ನು ಕೈಯಿಂದ ಮೇಲಕ್ಕೆ ಎಸೆಯುವುದು. ಬಿದ್ದರೆ ಒಂದು, ಇಲ್ಲದಿದ್ದರೆ ಇಲ್ಲ. ಸಮುರಾಯ್‌ಗಳು ಇದನ್ನು ಕಸರತ್ತು ಎಂದು ಮಾಡುತ್ತಿದ್ದರು. ಆ ಜೌಗು ಇವತ್ತಿಗೂ ಉಳಿದಿದೆ, 1993ರಲ್ಲಿ ಜಗತ್ತಿನ ಮಹತ್ವದ ಜೌಗುಗಳ ರಾಮ್ಸಾರ್ ಪಟ್ಟಿಗೂ ಸೇರಿತು.

ಬೇಟೆ, ವಿಷ, ಜೌಗು ನಾಶ ಎಲ್ಲ ಸೇರಿ 1970, 80ರ ದಶಕದ ಹೊತ್ತಿಗೆ ಈ ಬಾತಿನ ಹಿಂಡುಗಳು ಕಾಣೆಯಾದವು. ಕೊರಿಯಾದಲ್ಲಿ ಕೆಲವು ಸಾವಿರ ಕಂಡರೆ ಅದೇ ಸುದ್ದಿ. ಆಮೇಲೆ ಅದನ್ನು ಉಳಿಸಿದ್ದು ಯಾವ ಪರಿಸರ ಸಂಘಟನೆಯೂ ಅಲ್ಲ, ಯಾವ ಅಭಯಾರಣ್ಯವೂ ಅಲ್ಲ. ಒಂದು ಕಟ್ಟಡ ಕಂಪನಿ ಕಡಲಿಗೆ ಹಾಕಿದ ಒಡ್ಡು.

ಕೊರಿಯಾದ ಪಶ್ಚಿಮ ಕರಾವಳಿಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವೆ ನೀರಿನ ಮಟ್ಟ ಕೆಲವೆಡೆ ಒಂಬತ್ತು ಮೀಟರ್ ಏರಿಳಿಯುತ್ತದೆ. ನಮ್ಮ ಕಾರವಾರದಲ್ಲೋ ಮಂಗಳೂರಲ್ಲೋ ಅದು ಎರಡು ಮೀಟರಿನ ಆಸುಪಾಸು. ಅಲ್ಲಿ ಇಳಿತದ ಹೊತ್ತಿಗೆ ಕಡಲು ಕಿಲೋಮೀಟರುಗಟ್ಟಲೆ ಹಿಂದೆ ಸರಿದು ಕೆಸರುಬಯಲು ತೆರೆದುಕೊಳ್ಳುತ್ತದೆ. ಸೊಸಾನಿನ ಬಳಿ ಅಂಥ ಬಯಲನ್ನು ಕಡಲಿನಿಂದ ಕಸಿದು ಭತ್ತದ ಗದ್ದೆ ಮಾಡಲು ಹ್ಯುಂಡೈ ಕಂಪನಿಯ ಸಂಸ್ಥಾಪಕ ಚುಂಗ್ ಜು-ಯುಂಗ್ ಹೊರಟರು. ಆರು ಕಿಲೋಮೀಟರಿಗೂ ಉದ್ದದ ಕಲ್ಲಿನ ಒಡ್ಡು ಎರಡೂ ಕಡೆಯಿಂದ ಬಂದು ನಡುವೆ 270 ಮೀಟರ್ ಉಳಿಯಿತು. ಅಲ್ಲಿ ಕೆಲಸ ನಿಂತಿತು. ಇಡೀ ಕೊಲ್ಲಿಯ ನೀರು ದಿನಕ್ಕೆ ನಾಲ್ಕು ಸಲ ಆ ಸಂದಿನಲ್ಲೇ ನುಗ್ಗಬೇಕು, ಹೊರಡಬೇಕು. ಕಾರಿನಷ್ಟು ದೊಡ್ಡ ಬಂಡೆ ಹಾಕಿದರೂ ಕೊಚ್ಚಿಕೊಂಡು ಹೋಗುತ್ತಿತ್ತು.

ಗುಜರಿಗೆಂದು ತಂದಿಟ್ಟ ಒಂದು ತೈಲ ಹಡಗಿತ್ತು. ಮುನ್ನೂರು ಮೀಟರಿಗೂ ಉದ್ದ, ಎರಡು ಲಕ್ಷ ಟನ್ನಿಗೂ ಮಿಕ್ಕಿದ ಗಾತ್ರ. 1984ರ ಫೆಬ್ರವರಿಯಲ್ಲಿ ಅದನ್ನು ಎಳೆದು ತಂದು ಸಂದಿಗೆ ಅಡ್ಡ ನಿಲ್ಲಿಸಿ, ಹೊಟ್ಟೆಗೆ ನೀರು ತುಂಬಿಸಿ ಮುಳುಗಿಸಿದರು. ಹರಿವು ನಿಂತಿತು. ಹಿಂದೆಯೇ ಕಲ್ಲು ಸುರಿದು ಒಡ್ಡು ಮುಗಿಸಿದರು. ಇಂಜಿನಿಯರಿಂಗ್ ಪುಸ್ತಕದಲ್ಲಿಲ್ಲದ ಈ ಉಪಾಯ ಕೊರಿಯಾದಲ್ಲಿ ಇವತ್ತಿಗೂ ಚುಂಗ್ ಅವರ ಹೆಸರಿನಲ್ಲೇ ಪ್ರಸಿದ್ಧ. ಕಡಲಿನಿಂದ ಹೀಗೆ ಸಿಕ್ಕಿದ್ದು 15 ಸಾವಿರ ಹೆಕ್ಟೇರಿಗೂ ಹೆಚ್ಚು, ನಮ್ಮ ಲೆಕ್ಕದಲ್ಲಿ 38 ಸಾವಿರ ಎಕರೆ. ಅದರಲ್ಲಿ ಸುಮಾರು 10 ಸಾವಿರ ಹೆಕ್ಟೇರ್ ಗದ್ದೆಯಾಯಿತು, ಉಳಿದದ್ದರಲ್ಲಿ ಎರಡು ದೊಡ್ಡ ಸಿಹಿನೀರಿನ ಜಲಾಶಯಗಳು ನಿಂತವು. ಅಷ್ಟು ದೊಡ್ಡ ಗದ್ದೆಗೆ ಸಸಿ ನೆಡುವವರು ಎಲ್ಲಿಂದ ಬರಬೇಕು? ವಿಮಾನದಿಂದ ಬಿತ್ತಿದರು, ಯಂತ್ರದಿಂದ ಕೊಯ್ದರು. (ಚುಂಗ್ ಹುಟ್ಟಿದ ಹಳ್ಳಿ ಈಗಿನ ಉತ್ತರ ಕೊರಿಯಾದಲ್ಲಿದೆ. ಅಪ್ಪ ಹಸು ಮಾರಿ ಇಟ್ಟ ಹಣ ಎತ್ತಿಕೊಂಡು ಮನೆ ಬಿಟ್ಟು ಓಡಿದ ಹುಡುಗ, 1998ರಲ್ಲಿ ಇದೇ ಸೊಸಾನಿನ ಹೊಲದಲ್ಲಿ ಸಾಕಿದ 1,001 ದನಗಳನ್ನು ಎರಡು ಕಂತಿನಲ್ಲಿ ಲಾರಿಗೆ ಹೇರಿ ಗಡಿ ದಾಟಿಸಿ ಕೊಟ್ಟರು. ಅಸಲು ಒಂದು, ಬಡ್ಡಿ ಸಾವಿರ.)

ಬಾತಿಗೆ ಬೇಕಾದದ್ದು ಎರಡೇ: ಹಗಲು ಯಾರೂ ತಂಟೆ ಮಾಡದ ಅಗಲವಾದ ನೀರು, ರಾತ್ರಿ ಹಾರಿ ಹೋಗುವಷ್ಟು ದೂರದಲ್ಲಿ ಕಾಳು. ಸೊಸಾನಿನ ಒಡ್ಡು ಎರಡನ್ನೂ ಒಂದೇ ಕಡೆ ಇಟ್ಟುಬಿಟ್ಟಿತು. 1990ರ ದಶಕ ಮುಗಿಯುವ ಹೊತ್ತಿಗೆ ಅಲ್ಲಿನ ಹಿಂಡು ಲಕ್ಷಗಳಲ್ಲಿತ್ತು. 1990ರಲ್ಲಿ ಗುಮ್ ನದಿಯ ಅಳಿವೆಗೂ ತಡೆಗೋಡೆ ಬಂತು, ಅಲ್ಲೂ ಅದೇ ಕತೆ. 2011ರಲ್ಲಿ ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಇದನ್ನು ಅಪಾಯದಲ್ಲಿರುವ ವರ್ಗದಿಂದ ತೆಗೆದು ಚಿಂತೆಯಿಲ್ಲದವುಗಳ ಸಾಲಿಗೆ ಸೇರಿಸಿದರು.

ಈಗ ಕಾಳಿನ ಲೆಕ್ಕ. ಇದು ನನ್ನ ಅಂದಾಜು, ಪಂಡಿತರದ್ದಲ್ಲ. ಅರ್ಧ ಕಿಲೋ ಬಾತು ಚಳಿಯಲ್ಲಿ ದಿನಕ್ಕೆ 50 ಗ್ರಾಂ ಭತ್ತ ತಿನ್ನುತ್ತದೆ ಎಂದಿಟ್ಟುಕೊಳ್ಳಿ. ಒಂದು ಕಾಳು 25 ಮಿಲಿಗ್ರಾಂ ತೂಗಿದರೆ ಅದು ಎರಡು ಸಾವಿರ ಕಾಳು. ಡಿಸೆಂಬರಿನಲ್ಲಿ ಅಲ್ಲಿ ರಾತ್ರಿ ಹದಿನಾಲ್ಕು ಗಂಟೆ. ನಿಮಿಷಕ್ಕೆ ಎರಡೋ ಮೂರೋ ಕಾಳು ಕೊಕ್ಕಿಗೆ ಸಿಕ್ಕರೆ ಹೊಟ್ಟೆ ತುಂಬಿತು. ಒಂದು ಬಾತಿಗೆ ಇದೇನೂ ದೊಡ್ಡದಲ್ಲ. ಹತ್ತು ಲಕ್ಷ ಬಾತಿಗೆ ಒಂದು ರಾತ್ರಿಗೆ ಇನ್ನೂರು ಕೋಟಿ ಕಾಳು. ತೂಕದಲ್ಲಿ 50 ಟನ್, ಗಂಗಾವತಿ-ಸಿಂಧನೂರು ಕಡೆಯ 75 ಕಿಲೋ ಚೀಲದಲ್ಲಿ ಸುಮಾರು 667 ಚೀಲ. ಒಂದೊಂದು ರಾತ್ರಿಗೂ. ನಾಲ್ಕು ತಿಂಗಳಿಗೆ ಎಂಬತ್ತು ಸಾವಿರ ಚೀಲ.

ಮತ್ತೆ ಇದು ರೈತನ ಚೀಲದಿಂದ ಹೋಗುವುದಲ್ಲ ಎಂಬುದನ್ನು ಗಮನಿಸಬೇಕು. ಬಾತು ಬರುವ ಹೊತ್ತಿಗೆ ಕೊಯ್ಲು ಮುಗಿದಿರುತ್ತದೆ. ಅದು ಆಯುವುದು ಉದುರಿದ್ದನ್ನು. ನಮ್ಮಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಹಸಿರು ಹೊಲಕ್ಕೇ ಇಳಿಯುತ್ತವೆ, ರೈತರ ಜೊತೆ ಜಟಾಪಟಿ ಅಲ್ಲಿಂದಲೇ. ಅವುಗಳ ಸಂಖ್ಯೆ ಎಂಟು ಸಾವಿರದ ಸುಮಾರು. ಎಂಟು ಸಾವಿರಕ್ಕೇ ಇಷ್ಟು ತಕರಾರಾದರೆ ಹತ್ತು ಲಕ್ಷಕ್ಕೆ ಎಷ್ಟಾಗಬೇಕಿತ್ತು. ಕೊರಿಯಾದ ರೈತ ಬಚಾವಾಗಿದ್ದು ಪಂಚಾಂಗದಿಂದ.

ಕೊಯ್ಲು ಯಂತ್ರ ಹೋದ ಗದ್ದೆಯನ್ನು ಕಂಡವರಿಗೆ ಗೊತ್ತು, ಸಾಲಿನುದ್ದಕ್ಕೂ ಕಾಳು ಚೆಲ್ಲಿರುತ್ತದೆ. ನೂರಕ್ಕೆ ಮೂರು ಪಾಲು ಉದುರಿತು ಎನ್ನಿ. ಹತ್ತು ಸಾವಿರ ಹೆಕ್ಟೇರಿನಲ್ಲಿ ಹೆಕ್ಟೇರಿಗೆ ಆರೂವರೆ ಟನ್ ಬೆಳೆದರೆ ಉದುರಿದ್ದು ಎರಡು ಸಾವಿರ ಟನ್ನಿಗೆ ಹತ್ತಿರ. ಹತ್ತು ಲಕ್ಷ ಬಾತಿಗೆ ಅದು ಸಾಲುವುದು ನಲವತ್ತು ದಿನಕ್ಕೆ. ಅದೂ ಅದೇ ಗದ್ದೆಗೆ ಬರುವ ಹೆಬ್ಬಾತು, ಮಲ್ಲಾರ್ಡ್ ಬಾತುಗಳು ಪಾಲು ಕೇಳದಿದ್ದರೆ. ಹಾಗಾಗಿಯೇ ಹಿಂಡು ಒಂದು ಕಡೆ ನಿಲ್ಲುವುದಿಲ್ಲ. ಅಕ್ಟೋಬರ್ ಕೊನೆಗೆ ಸೊಸಾನ್. ಅಲ್ಲಿ ಕಾಳು ಕಡಿಮೆಯಾಗಿ ನೀರು ಹೆಪ್ಪುಗಟ್ಟಿದರೆ ಗುಮ್ ನದಿ. ಚಳಿ ಇನ್ನೂ ಬಿಗಿದರೆ ಹೇನಾಮ್. ಫೆಬ್ರವರಿಯಲ್ಲಿ ಅದೇ ದಾರಿಯಲ್ಲಿ ವಾಪಸ್. ಪ್ರವಾಸಿಗರಿಗೆ ಹಿಂಡು ತೋರಿಸಲು ಊರಿಗೊಂದು ಹಬ್ಬ ಮಾಡಿ ಕೂತ ಅಧಿಕಾರಿಗಳು ಕೆಲವು ವರ್ಷ ಖಾಲಿ ನೀರು ತೋರಿಸಬೇಕಾಗುತ್ತದೆ.

ಆ ಉದುರಿದ ಕಾಳೂ ಈಗ ಮೊದಲಿನಷ್ಟಿಲ್ಲ. 1997ರ ಏಷ್ಯಾದ ಆರ್ಥಿಕ ಬಿಕ್ಕಟ್ಟಿನ ಪೆಟ್ಟಿನಿಂದ ಸೊಸಾನಿನ ಗದ್ದೆಗಳು ತುಂಡುತುಂಡಾಗಿ ಮಾರಾಟವಾದವು. ಒಂದು ಕಂಪನಿ ಹತ್ತು ಸಾವಿರ ಹೆಕ್ಟೇರ್ ಉಳುವಾಗ ಎರಡು ಹಿಡಿ ಕಾಳಿಗೆ ಲೆಕ್ಕವಿಲ್ಲ. ಐದು ಹೆಕ್ಟೇರಿನವನಿಗೆ ಇದೆ. ಯಂತ್ರಗಳೂ ಜಾಣವಾದವು. ಎಲ್ಲಕ್ಕಿಂತ ಹೆಚ್ಚಾಗಿ ಹುಲ್ಲು. ಮೊದಲು ಭತ್ತದ ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಿದ್ದರು, ಅದರ ಅಡಿಯಲ್ಲಿ ಕಾಳೂ ಇರುತ್ತಿತ್ತು, ಹಕ್ಕಿಗೆ ಮರೆಯೂ ಆಗುತ್ತಿತ್ತು. ಈಗ ದನದ ಮೇವಿಗೆಂದು ಕೊಯ್ಲಾದ ಮರುವಾರವೇ ಹುಲ್ಲನ್ನೆಲ್ಲ ಸುತ್ತಿ, ಬಿಳಿ ಪ್ಲಾಸ್ಟಿಕ್ ಹೊದಿಸಿ, ದೊಡ್ಡ ಉಂಡೆ ಮಾಡಿ ಸಾಗಿಸುತ್ತಾರೆ. ಚಳಿಗಾಲದ ಕೊರಿಯಾದ ಬಯಲುಗಳಲ್ಲಿ ಸಾಲಾಗಿ ಕೂತ ಈ ಉಂಡೆಗಳಿಗೆ ಜನ ತಮಾಷೆಗೆ ಮಾರ್ಷ್‌ಮೆಲ್ಲೊ ಎನ್ನುತ್ತಾರೆ. ಒಂದೊಂದು ಉಂಡೆಯ ಜೊತೆಗೂ ಒಂದಷ್ಟು ಬಾತಿನ ಊಟ ಲಾರಿ ಹತ್ತುತ್ತದೆ. 2000ದ ದಶಕದ ಆರಂಭದಿಂದ ಸರ್ಕಾರ ಕೆಲವು ಊರುಗಳಲ್ಲಿ ರೈತರೊಂದಿಗೆ ಕರಾರು ಮಾಡಿಕೊಂಡು, ಹುಲ್ಲು ಗದ್ದೆಯಲ್ಲೇ ಬಿಟ್ಟವರಿಗೆ, ಗದ್ದೆಗೆ ನೀರು ಕಟ್ಟಿದವರಿಗೆ ದುಡ್ಡು ಕೊಡುತ್ತಿದೆ. ಒಳ್ಳೆಯ ಕೆಲಸ, ಆದರೆ ಹುಲ್ಲಿನ ಬೆಲೆ ಏರಿದ ವರ್ಷ ಕರಾರಿನ ದುಡ್ಡು ಪೈಪೋಟಿಗೆ ನಿಲ್ಲುವುದಿಲ್ಲ.

ಇಕ್ಕಟ್ಟಿಗೆ ಇನ್ನೊಂದು ಬೆಲೆ ಇದೆ. 2000ದ ಅಕ್ಟೋಬರಿನಲ್ಲಿ ಚೊನ್ಸು ಕೊಲ್ಲಿಯ ಹಿಂಡಿಗೆ ಹಕ್ಕಿಗಳ ಕಾಲರಾ ತಗುಲಿ ಹತ್ತು ಸಾವಿರಕ್ಕೂ ಹೆಚ್ಚು ಬಾತು ಸತ್ತವು. ಸೈಬೀರಿಯಾದಲ್ಲಾದರೆ ರೋಗ ಬಂದ ಒಂದು ಬಾತಿಗೂ ಮುಂದಿನದಕ್ಕೂ ನಡುವೆ ಕಿಲೋಮೀಟರ್ ಇರುತ್ತಿತ್ತು, ಇಲ್ಲಿ ರೆಕ್ಕೆಯಳತೆ. 2014ರ ಜನವರಿಯಲ್ಲಿ ಗೋಚಾಂಗಿನ ಸಾಕುಬಾತಿನ ಫಾರಂ ಒಂದರಲ್ಲಿ ಎಚ್5ಎನ್8 ಹಕ್ಕಿಜ್ವರ ಕಾಣಿಸಿಕೊಂಡಿತು. ಬೆನ್ನಿಗೇ ಹತ್ತಿರದ ತೊಂಗ್ನಿಮ್ ಜಲಾಶಯದಲ್ಲಿ ಬೈಕಲ್ ಟೀಲ್‌ಗಳು ಸತ್ತು ಬಿದ್ದವು. ಕಾಡುಹಕ್ಕಿ ತಂದದ್ದೋ ಫಾರಮಿನಿಂದ ಹೊರಬಿದ್ದದ್ದೋ ಎಂಬ ಜಗಳ ಬಿಸಿಯಾಯಿತು. ರೋಗ ಹರಡದಿರಲೆಂದು ದೇಶದಲ್ಲಿ ಕೊಂದ ಸಾಕುಕೋಳಿ, ಸಾಕುಬಾತುಗಳ ಸಂಖ್ಯೆ ಒಂದು ಕೋಟಿ ದಾಟಿತು. ಜಗತ್ತಿನ ಕಾಡಿನಲ್ಲಿರುವ ಬೈಕಲ್ ಟೀಲ್‌ಗಳ ಹತ್ತು ಪಟ್ಟು.

ಕೋಟಿ ಇದ್ದದ್ದು ಕರಗುವುದಿಲ್ಲ ಎನ್ನುವವರಿಗೆ ಅದೇ ಸೈಬೀರಿಯಾದಲ್ಲಿ ಬೇಸಿಗೆ ಕಳೆಯುವ ಹಳದಿ ಎದೆಯ ಬಂಟಿಂಗ್ ಎಂಬ ಪುಟಾಣಿ ಹಕ್ಕಿಯ ಲೆಕ್ಕ ಸಾಕು. ಫಿನ್ಲೆಂಡಿನಿಂದ ಪೆಸಿಫಿಕ್ ದಡದ ತನಕ ಕೋಟಿಗಳಲ್ಲಿದ್ದ ಹಕ್ಕಿ. ಚಳಿಗಾಲದಲ್ಲಿ ದಕ್ಷಿಣ ಚೀನಾದ ಭತ್ತದ ಬಯಲುಗಳಲ್ಲಿ ರಾತ್ರಿ ಒಟ್ಟಾಗಿ ಕೂರುತ್ತಿತ್ತು, ಬಲೆಗೆ ಒಟ್ಟಾಗಿಯೇ ಬಿತ್ತು, ಹೋಟೆಲಿನ ತಟ್ಟೆಗೆ ಹೋಯಿತು. 1980ರಿಂದ 2013ರ ನಡುವೆ ನೂರಕ್ಕೆ 84ರಿಂದ 95 ಪಾಲು ಕಳೆದುಹೋಗಿ, 2017ರಲ್ಲಿ ಕೆಂಪು ಪಟ್ಟಿಯ ಅತಿ ಅಪಾಯದ ಸಾಲಿಗೆ ಇಳಿಯಿತು.

ಇನ್ನು ಒಡ್ಡಿನ ಜಮಾಖರ್ಚು. ಬಾತಿನ ಹತ್ತು ಲಕ್ಷ ಜಮೆಯಾಯಿತು, ಸರಿ. ಖರ್ಚಿನ ಕಡೆ ಏನಿದೆ? ಗುಮ್ ನದಿಯ ಅಳಿವೆಗೆ ಹತ್ತಿರದಲ್ಲೇ ಸೆಮಾಂಗುಮ್ ಇದೆ. ಅಲ್ಲಿನ ಕಡಲ ಒಡ್ಡು 33 ಕಿಲೋಮೀಟರಿಗೂ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು. 2006ರ ಏಪ್ರಿಲಿನಲ್ಲಿ ಕೊನೆಯ ಸಂದು ಮುಚ್ಚಿದಾಗ ಸುಮಾರು 400 ಚದರ ಕಿಲೋಮೀಟರ್ ಕೆಸರುಬಯಲು, ಆಳವಿಲ್ಲದ ಕಡಲು ಒಳಗೆ ಸಿಕ್ಕಿಕೊಂಡಿತು. ಆಸ್ಟ್ರೇಲಿಯಾದಿಂದ ಸೈಬೀರಿಯಾಕ್ಕೆ ಹೋಗುವ ಗ್ರೇಟ್ ನಾಟ್ ಎಂಬ ಕಡಲಂಚಿನ ಹಕ್ಕಿಗೆ ಅದು ನಡುದಾರಿಯ ಬುತ್ತಿ: ಐದು ಸಾವಿರ ಕಿಲೋಮೀಟರಿಗೂ ಹೆಚ್ಚು ಒಂದೇ ಉಸಿರಿಗೆ ಹಾರಿ ಬಂದು ಅಲ್ಲಿನ ಚಿಪ್ಪುಜೀವಿ ತಿಂದು ಮುಂದೆ ಹೋಗುತ್ತಿತ್ತು. ಒಡ್ಡು ಮುಚ್ಚಿದ ಮೇಲೆ ಅಲ್ಲಿಂದ ಕಾಣೆಯಾದ ಗ್ರೇಟ್ ನಾಟ್‌ಗಳು ಸುಮಾರು 90 ಸಾವಿರ ಎಂದು ಎಣಿಸಿದವರ ಅಂದಾಜು. ಅವು ಬೇರೆಡೆ ಹೋಗಿ ಸೇರಿಕೊಂಡಿರಬಹುದೆಂದು ಪಕ್ಕದ ಬಯಲುಗಳಲ್ಲಿ ಹುಡುಕಿದರು, ಆಸ್ಟ್ರೇಲಿಯಾದಲ್ಲಿ ಮತ್ತೆ ಎಣಿಸಿದರು. ಅಲ್ಲೂ ಸಂಖ್ಯೆ ಕುಸಿದಿತ್ತು.

ಹಾಗಾಗಿ ಯಾರಾದರೂ ಗುಮ್ ನದಿಯ ಹಿಂಡಿನ ವಿಡಿಯೊ ತೋರಿಸಿ ಕೊರಿಯಾದಲ್ಲಿ ನಿಸರ್ಗ ಎಷ್ಟು ಸಮೃದ್ಧ ಎಂದರೆ ನಾನು ತಲೆಯಾಡಿಸಲಾರೆ. ಹತ್ತು ಕಡೆ ಹರಡಿ ಕೂರಬೇಕಾದ ಹಕ್ಕಿ ಒಂದೇ ಕಡೆ ಕೂತಿದೆ ಎಂದರೆ ಉಳಿದ ಒಂಬತ್ತು ಕಡೆ ಕೂರಲು ಬಿಟ್ಟಿಲ್ಲ ಎಂದು ಅರ್ಥ. ಬಸ್ಸು ತುಂಬಿದ್ದಕ್ಕೆ ಊರಿಗೆ ಬಸ್ಸು ಜಾಸ್ತಿ ಎನ್ನುವವರುಂಟೇ?

ಈ ಬಾತಿನ ಭವಿಷ್ಯ ಹಕ್ಕಿ ತಜ್ಞರ ಕೈಯಲ್ಲಿ ಇರುವುದಕ್ಕಿಂತ ಕೊರಿಯನ್ನರ ಊಟದ ಬಟ್ಟಲಿನಲ್ಲಿದೆ. 1970ರಲ್ಲಿ ಅಲ್ಲಿ ಒಬ್ಬ ಮನುಷ್ಯ ವರ್ಷಕ್ಕೆ 136 ಕಿಲೋ ಅಕ್ಕಿ ಉಣ್ಣುತ್ತಿದ್ದ. 2023ಕ್ಕೆ ಅದು 56 ಕಿಲೋಗೆ ಇಳಿದಿದೆ. ಬ್ರೆಡ್ಡು, ನೂಡಲ್ಸು, ಮಾಂಸ ಆ ಜಾಗ ಹಿಡಿದಿವೆ. ತಿನ್ನುವವರಿಲ್ಲದೆ ಗೋದಾಮಿನಲ್ಲಿ ಅಕ್ಕಿ ಉಳಿಯಿತು, ಬೆಲೆ ಬಿತ್ತು, ಸರ್ಕಾರ ಕೊಂಡು ಕೊಂಡು ಸುಸ್ತಾಯಿತು. 2024ರ ಡಿಸೆಂಬರಿನಲ್ಲಿ ಅಲ್ಲಿನ ಕೃಷಿ ಸಚಿವಾಲಯ ಮುಂದಿನ ವರ್ಷ ಭತ್ತದ ಬೆಳೆಯನ್ನು 80 ಸಾವಿರ ಹೆಕ್ಟೇರ್ ಕಡಿಮೆ ಮಾಡುವ ಯೋಜನೆ ಪ್ರಕಟಿಸಿತು. ಅಂದರೆ ಹಡಗು ಮುಳುಗಿಸಿ ಕಡಲಿನಿಂದ ಕಸಿದುಕೊಂಡ ಸೊಸಾನಿನ ಗದ್ದೆಗಳಂಥವು ಎಂಟು.